ಹನ್ನೊಂದು ಸೆಕೆಂಡಿನ ಅಳಿಯಂದಿರು

ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಕೆಡಲೇಬೇಕು. ತಾನಾಗಿ ಕೆಡುವುದಿಲ್ಲ. ನಮ್ಮ ಅಳಿಯಂದಿರು ಸ್ನಾನ ಮಾಡಿ, ಕಾಫಿ ಕುಡಿದು, ಬಹಳ ಶ್ರದ್ಧೆಯಿಂದ ಕೂತು ಕೆಡಿಸುತ್ತಾರೆ. ಅಳಿಯನಿಗೆ ಏಕವಚನ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನನ್ನ ಕೋಪವನ್ನೆಲ್ಲ ಬಹುವಚನದಲ್ಲೇ ಬರೆಯಬೇಕಾಗಿದೆ.

ನಾವಿರುವುದು ಟೋಕಿಯೋದಲ್ಲಿ, ನಮ್ಮ ದೇಶದವರೇ ಜಾಸ್ತಿ ಇರುವ ನಿಶಿ ಕಸಾಯಿಯಲ್ಲಿ. ಕೆಳಗಿಳಿದರೆ ಉದ್ದಿನಬೇಳೆ, ಕರಿಬೇವು ಎಲ್ಲ ಸಿಗುತ್ತೆ. ಸಿಗದಿರುವುದು ಮೈಸೂರಿನಲ್ಲಿರುವ ನನ್ನ ಅಕ್ಕ ಒಬ್ಬಳೇ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಈ ನಾಲ್ಕು ಅಕ್ಷರವೂ ಅಕ್ಕ ತನ್ನ ಸ್ಲೇಟಿನಲ್ಲಿ ತಿದ್ದಿಸಿದ್ದು. ದಿನಾ ಮಧ್ಯಾಹ್ನ ಅವಳ ಮುಖ ನೋಡಲು ನನಗಿರುವುದು ಮಗಳ ಹಳೇ ಲ್ಯಾಪ್‌ಟಾಪ್. ಮಗಳು ಅದನ್ನು ಎಸೆಯಲು ಹೊರಟಾಗ ಅಳಿಯಂದಿರು ತಡೆದರು. "ವಿಂಡೋಸ್ ತೆಗೆದು ಲಿನಕ್ಸ್ ಹಾಕ್ಕೊಡ್ತೀನಿ, ಅತ್ತೆಗೆ ಇನ್ನೂ ಹತ್ತು ವರ್ಷ ಬರುತ್ತೆ" ಅಂದರು. ಹಾಕಿಯೂ ಕೊಟ್ಟರು. ಕೊಟ್ಟು ಸುಮ್ಮನಿದ್ದಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲ ಮುಗಿದ ಮೇಲೆ ಮೈಸೂರಿನಲ್ಲಿ ಭಾವನವರಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಅಂತ ಗೊತ್ತಾಗಿತ್ತು. ಆರತಿ ಹಾಡು ನಾನೇ ಹೇಳಬೇಕು. ನಮ್ಮಮ್ಮ ಹೇಳಿಕೊಟ್ಟ ಏಳು ನುಡಿ ಪೂರ್ತಿ ಬರುವುದು ನನಗೊಬ್ಬಳಿಗೇ. ಮಂಡಿ ಆಪರೇಷನ್ ಆಗಿ, ಡಾಕ್ಟರು ವಿಮಾನ ಹತ್ತಬೇಡಿ ಅಂದಿದ್ದರು. ಹಾಡಿದರೆ ಈ ಪೆಟ್ಟಿಗೆಯೊಳಗಿಂದಲೇ ಹಾಡಬೇಕು. ಅಲ್ಲಿಯವರೆಗೆ ಅಳಿಯಂದಿರ ಕೈಯಿಂದ ಇದು ಜೀವಂತ ಉಳಿಯಬೇಕು.

ಬೇಡದ ಕೆಲಸಗಾರರು

ಒಂದು ಭಾನುವಾರ ಅಳಿಯಂದಿರು ಗಡಿಯಾರ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ನಾನು ಹತ್ತಿರ ಹೋದೆ.

"ಅತ್ತೆ, ಇದು ಶುರುವಾಗೋಕೆ ನಲವತ್ತು ಸೆಕೆಂಡು ತಗೊಳ್ತಿದೆ."

"ತಗೊಳ್ಳಲಿ ಬಿಡಿ. ಅಷ್ಟರಲ್ಲಿ ನಾನು ಕನ್ನಡಕ ಹುಡುಕ್ಕೋತೀನಿ."

"ಹಾಗಲ್ಲ. ಒಳಗೆ ತುಂಬಾ ಜನ ಕೆಲಸಗಾರರಿರ್ತಾರೆ ಅಂದ್ಕೊಳ್ಳಿ. ಎಲ್ಲರೂ ಒಟ್ಟಿಗೆ ಎದ್ದು ಗಲಾಟೆ ಮಾಡ್ತಾರೆ, ಅದಕ್ಕೇ ತಡ. ಬೇಡದವರನ್ನ ಏಳದ ಹಾಗೆ ಮಾಡಿಬಿಡ್ತೀನಿ."

ಊಟದ ತಟ್ಟೆ ತಣ್ಣಗಾಯಿತು. ಮಗಳು ಎರಡು ಸಲ ಕೂಗಿದಳು. ದೀಪ ಹಚ್ಚುವ ಹೊತ್ತಿಗೆ, ಪರೀಕ್ಷೆಯಲ್ಲಿ ಮೊದಲು ಬಂದವರ ಮುಖ ಮಾಡಿಕೊಂಡು ಎದ್ದರು. "ಹನ್ನೊಂದು ಸೆಕೆಂಡು, ಅತ್ತೆ!"

ಮಾರನೆಯ ದಿನ ಅಕ್ಕನಿಗೆ ಕರೆ ಮಾಡಿದೆ. ಅಕ್ಕ ಬಂದಳು. ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಯಾರನ್ನೋ ಚೆನ್ನಾಗಿ ಬಯ್ಯುತ್ತಿದ್ದಾಳೆ. ಒಂದಕ್ಷರ ಕೇಳಿಸಲಿಲ್ಲ. ಅಳಿಯಂದಿರು ಮಲಗಿಸಿದ ಬೇಡದವರಲ್ಲಿ ಶಬ್ದದವನೂ ಒಬ್ಬ!

ಸಂಜೆ ಬಂದು ನೋಡಿದರು. "ಅಯ್ಯೋ, ಇವನು ಬೇಕಿತ್ತಾ?" ಅಂದರು.

"ಇಲ್ಲ ಬಿಡಿ, ಅಳಿಯಂದಿರೇ," ಅಂದೆ. "ಅರವತ್ತು ವರ್ಷದಲ್ಲಿ ಅಕ್ಕ ನನ್ನ ಬೈದಿದ್ದು ಕೇಳಿಸದೇ ಹೋದದ್ದು ಇವತ್ತು ಒಂದೇ ದಿನ."

ಪ್ರಿಂಟರ್ ಎಲ್ಲಿ?

ಶಬ್ದ ಬಂತು. ಹದಿನೈದು ದಿನಕ್ಕೆ ಲ್ಯಾಪ್‌ಟಾಪ್ ಹಟ ಹಿಡಿಯಿತು. ಜಾಗವಿಲ್ಲ, ಜಾಗವಿಲ್ಲ ಅಂತ ಒಂದೇ ಗೋಳು.

ಅಳಿಯಂದಿರು ನನ್ನ ಕಡೆ ನೋಡಿದರು. "ಅತ್ತೆ, ಫೋಟೋ ಜಾಸ್ತಿ ಇಟ್ಟಿದೀರಾ?"

ಇದ್ದದ್ದು ಅಕ್ಕನ ಮರಿಮಗನ ನಾಮಕರಣದ ಫೋಟೋಗಳು. ತೊಟ್ಟಿಲಲ್ಲಿರುವ ಮೂರು ಕೆ.ಜಿ. ಕೂಸು ಇಡೀ ಲ್ಯಾಪ್‌ಟಾಪ್ ತುಂಬಿಬಿಡುತ್ತಾ? ನಾನು ಅಡುಗೆಮನೆಯಲ್ಲಿದ್ದಾಗ ಎಲ್ಲ ಅಳಿಸಿಬಿಟ್ಟರು. ಮೂರನೇ ದಿನಕ್ಕೆ ಮತ್ತೆ ಜಾಗವಿಲ್ಲ. ಈ ಸಲ ಅಳಿಸಲು ನನ್ನದೇನೂ ಉಳಿದಿರಲಿಲ್ಲ, ನನ್ನನ್ನೇ ಅಳಿಸಬೇಕಿತ್ತು.

ಆ ಭಾನುವಾರ ಅವರ ಆಫೀಸಿನ ಹಿರಿಯರು ಮೊರಿ ಸಾನ್ ದೋಸೆಗೆ ಬಂದಿದ್ದರು. ಮಾತು ಕಡಿಮೆ, ಚಟ್ನಿ ಜಾಸ್ತಿ ಬೇಕಾದ ಮನುಷ್ಯ. ಬೆರಳು ಒರೆಸಿಕೊಂಡು, ಲ್ಯಾಪ್‌ಟಾಪ್‌ಗೆ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಅಂತ ತಲೆಬಾಗಿ, ಅದರ ದಿನಚರಿ ತೆರೆದರು. ಈ ಯಂತ್ರ ತನಗೇನಾಯಿತು ಅಂತ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಓದುತ್ತಾ ಓದುತ್ತಾ ಮೊರಿ ಸಾನ್ ಅವರ ಹುಬ್ಬು ಮೇಲೇರಿತು. ಸಾವಿರಾರು ಸಾಲು, ಎಲ್ಲ ಸಾಲಲ್ಲೂ ಒಂದೇ ಮಾತು: ಪ್ರಿಂಟರ್ ಸಿಗಲಿಲ್ಲ, ಪ್ರಿಂಟರ್ ಸಿಗಲಿಲ್ಲ.

ಆ ಪ್ರಿಂಟರ್‌ಗೆ ಎರಡು ವರ್ಷದ ಹಿಂದೆ, ಇಲ್ಲಿನ ಪದ್ಧತಿಯಂತೆ ದುಡ್ಡು ಕೊಟ್ಟು ಕೊಂಡ ಚೀಟಿ ಅಂಟಿಸಿ, ದೊಡ್ಡ ಸಾಮಾನಿನ ಕಸಕ್ಕೆ ಕೊಟ್ಟಿದ್ದೆವು. ಇದು ಮಾತ್ರ ಅದನ್ನು ಕ್ಷಣಕ್ಕೊಂದು ಸಲ ಹುಡುಕುತ್ತಲೇ ಇತ್ತು. ಶಬ್ದ ಕೆಟ್ಟಾಗ "ಕಂಡದ್ದನ್ನೆಲ್ಲ ವಿವರವಾಗಿ ಬರೆ" ಅಂತ ಅಳಿಯಂದಿರು ಅದಕ್ಕೆ ಅಪ್ಪಣೆ ಕೊಟ್ಟಿದ್ದರಂತೆ. ಸಾಕು ಅನ್ನುವುದನ್ನು ಮರೆತಿದ್ದರು.

ಫೋಟೋಗಳು ಪುಣ್ಯಕ್ಕೆ ಮಗಳ ಫೋನಿನಲ್ಲಿದ್ದವು. ಮೊರಿ ಸಾನ್ ಹೊರಟಾಗ ಅವರ ಡಬ್ಬಿಗೆ ಚಟ್ನಿ ತುಂಬಿಕೊಟ್ಟೆ. ಅಳಿಯಂದಿರು, "ನನಗೆ ಚಟ್ನಿ?" ಅಂದರು.

"ಜಾಗ ಇಲ್ಲ," ಅಂದೆ.

ಜ್ವರ

ಚಳಿ ಶುರುವಾಯಿತು. ಇಲ್ಲಿ ಕೊತಾತ್ಸು ಅಂತ ಒಂದು ಗಿಡ್ಡ ಮೇಜು. ಅಡಿಯಲ್ಲಿ ಹೀಟರು, ಸುತ್ತ ದಪ್ಪ ರಜಾಯಿ. ಕಾಲು ಒಳಗಿಟ್ಟು ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಲ್ಯಾಪ್‌ಟಾಪನ್ನೂ ಆ ರಜಾಯಿ ಮೇಲೇ ಇಟ್ಟುಕೊಂಡು ಮಾತಾಡುತ್ತಿದ್ದೆ. ಆಗ ಅದು ಮಂಕಾಯಿತು. ಅಕ್ಕನ ಬಾಯಿ ಈಗ ಆಡಿದರೆ ಮಾತು ಆಮೇಲೆ ಬರುತ್ತಿತ್ತು.

"ಬೆಳಿಗ್ಗೆ ಚುರುಕಾಗಿರುತ್ತೆ, ಮಧ್ಯಾಹ್ನ ಮಂಕಾಗುತ್ತೆ, ನೋಡಿ" ಅಂದೆ ಅಳಿಯಂದಿರಿಗೆ.

"ಅತ್ತೆ, ಇದು ತುಂಬಾ ಆಳದ ಸಮಸ್ಯೆ. ನಿಮಗೆ ಗೊತ್ತಾಗಲ್ಲ."

ಮೂರು ಭಾನುವಾರ ಆ ಆಳಕ್ಕೆ ಇಳಿದರು. ಕಪ್ಪು ತೆರೆಯ ಮೇಲೆ ಏನೇನೋ ಬರೆದರು, ಅಳಿಸಿದರು, ಮತ್ತೆ ಬರೆದರು. ಮಂಕು ಹಾಗೇ ಇತ್ತು. ಒಂದು ಸೋಮವಾರ ನಾನು ಲ್ಯಾಪ್‌ಟಾಪನ್ನು ಎತ್ತಿ, ಮಕ್ಕಳಿಗೆ ಜ್ವರ ನೋಡುವ ಹಾಗೆ ಹೊಟ್ಟೆಗೆ ಕೈ ಇಟ್ಟೆ. ಹಂಚಿನ ಹಾಗೆ ಕಾದಿತ್ತು. ಉಸಿರಾಡುವ ಕಿಂಡಿಯೆಲ್ಲ ರಜಾಯಿಯಲ್ಲಿ ಮುಚ್ಚಿಹೋಗಿತ್ತು. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಬಿಸಿ ಪಾತ್ರೆ ಇಡುವ ಸ್ಟೀಲಿನ ಸ್ಟ್ಯಾಂಡ್ ತಂದು ಅದರ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ಅಕ್ಕನ ಬಾಯಿ, ಮಾತು ಎರಡೂ ಒಟ್ಟಿಗೆ ಬಂದವು.

ಸಂಜೆ ಅಳಿಯಂದಿರು ಬಂದು ಒತ್ತಿ ನೋಡಿದರು. ಮುಖ ಅರಳಿತು. ಮಗಳನ್ನು ಕೂಗಿ ಕರೆದರು.

"ನೋಡಿದ್ಯಾ? ನಿನ್ನೆ ನಾನು ಮಾಡಿದ ಬದಲಾವಣೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ!"

ನಾನು ಒಳಗೆ ಹೋಗಿ ಹತ್ತು ನಿಮಿಷ ಚಪಾತಿ ಹಿಟ್ಟು ಗುದ್ದಿದೆ. ಆವತ್ತಿನಷ್ಟು ಮೆತ್ತಗಿನ ಚಪಾತಿ ಮತ್ತೆ ಆಗಿಲ್ಲ.

ಐದು ಯಾಕೆ

ಶಾಂತಿಯ ದಿನ ಬಂತು. ಅಳಿಯಂದಿರ ಕೈಯಲ್ಲಿ ಹಿಂದಿನ ವಾರವೇ ಮಾತು ತೆಗೆದುಕೊಂಡಿದ್ದೆ. "ದೇವರಾಣೆ ಕೈ ಹಚ್ಚಲ್ಲ, ಅತ್ತೆ" ಅಂದಿದ್ದರು. ಬೆಳಿಗ್ಗೆ ಆಫೀಸಿಗೆ ಹೋದರು. ನಾನು ರೇಷ್ಮೆ ಸೀರೆ ಉಟ್ಟು, ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತೆ. ಅಲ್ಲಿ ಛತ್ರದಲ್ಲಿ ದೊಡ್ಡ ಪರದೆಯ ಮೇಲೆ ನನ್ನ ಮುಖ. ಎದುರಿಗೆ ಹಸೆಮಣೆ ಮೇಲೆ ಭಾವ, ಅಕ್ಕ. ಐದು ಜನ ಮುತ್ತೈದೆಯರು ತಟ್ಟೆ ಎತ್ತಿದರು. ಹಾಡು ಶುರು ಮಾಡಿದೆ. ಒಂದು, ಎರಡು, ಮೂರು, ನಾಲ್ಕು ನುಡಿ ಆಯಿತು. ಗಂಟಲು ಆವತ್ತು ನನ್ನ ಮಾತು ಕೇಳುತ್ತಿತ್ತು. ಐದನೆಯದಕ್ಕೆ ಉಸಿರು ಎಳೆದುಕೊಂಡೆ.

ಲ್ಯಾಪ್‌ಟಾಪ್ ಕಪ್ಪಾಯಿತು.

ಮತ್ತೆ ತಾನಾಗೇ ಎದ್ದಿತು. ಪಾಸ್‌ವರ್ಡ್ ಕೇಳಿತು, ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಕರೆ ಮತ್ತೆ ಹತ್ತಿ ಛತ್ರ ಕಾಣುವ ಹೊತ್ತಿಗೆ ಆರತಿ ಮುಗಿದು, ಜನ ಊಟಕ್ಕೆ ಎದ್ದಿದ್ದರು. ಅಕ್ಕ ಪರದೆ ಹತ್ತಿರ ಬಂದಳು.

"ಐದನೇ ನುಡಿ ಮರೆತುಹೋಯ್ತೇನೇ? ಹೋಗಲಿ ಬಿಡು, ವಯಸ್ಸಾಯ್ತು."

"ಮರೆತಿಲ್ಲ ಅಕ್ಕ! ಯಂತ್ರ ನಿಂತುಹೋಯ್ತು!"

"ಆಯ್ತಮ್ಮ, ಆಯ್ತು. ಯಂತ್ರಾನೇ ಅಂತಿಟ್ಕೋ."

ಆ 'ಅಂತಿಟ್ಕೋ' ಇದೆಯಲ್ಲ, ಅದು ನನ್ನ ಎದೆಗೆ ನಾಟಿತು. ಅಷ್ಟರಲ್ಲಿ ಅಳಿಯಂದಿರ ಫೋನು. ಆಫೀಸಿನ ಯಂತ್ರಕ್ಕೆ ಕೊಡಬೇಕಾದ ಅಪ್ಪಣೆಯನ್ನು ತಪ್ಪಿ ನನ್ನ ಲ್ಯಾಪ್‌ಟಾಪ್‌ಗೆ ಕೊಟ್ಟುಬಿಟ್ಟಿದ್ದರು, ಅಲ್ಲಿ ಕೂತೇ!

"ಕೈ ಹಚ್ಚಲ್ಲ ಅಂದಿದ್ರಲ್ಲ?"

"ಕೈ ಹಚ್ಚಿಲ್ಲ ಅತ್ತೆ, ದೂರದಿಂದ ಮಾಡಿದ್ದು. ಆದ್ರೂ ನೋಡಿ, ಹನ್ನೊಂದೇ ಸೆಕೆಂಡಲ್ಲಿ ವಾಪಸ್ ಬಂತಲ್ವಾ?"

ಫೋನು ಇಟ್ಟುಬಿಟ್ಟೆ.

ಭಾನುವಾರ ಮೊರಿ ಸಾನ್ ಬಂದಾಗ ಮಗಳ ಕೈಲಿ ಕೇಳಿಸಿದೆ, ನಿಮ್ಮ ಆಫೀಸಲ್ಲಿ ಗಿರಾಕಿಯ ಕೆಲಸ ಕೆಡಿಸಿದರೆ ಏನು ಮಾಡುತ್ತೀರಿ ಅಂತ. ಸಿಹಿ ಡಬ್ಬಿ ತೆಗೆದುಕೊಂಡು ಅವರ ಬಾಗಿಲಿಗೆ ಹೋಗಿ ಬಗ್ಗುತ್ತೇವೆ, ಐದು ಸಲ ಯಾಕೆ ಯಾಕೆ ಅಂತ ಕೇಳಿಕೊಂಡು, ಬುಡದ ಕಾರಣ ಬರೆದು ಕೊಡುತ್ತೇವೆ ಅಂದರು.

"ನಾನೂ ಗಿರಾಕಿಯೇ," ಅಂದೆ. "ಆದರೆ ಕೇಳೋದು ನಾನಲ್ಲ, ಅಕ್ಕ."

ಮುಂದಿನ ಭಾನುವಾರ ಅಳಿಯಂದಿರು ತಮ್ಮ ಮನೆಗೇ ಕರೆಗಂಟೆ ಒತ್ತಿ ಬಂದರು. ಸೂಟು, ಟೈ, ಕೈಯಲ್ಲಿ ಕೆಂಪು ಕಾಳಿನ ಹೂರಣದ ಸಿಹಿ ಡಬ್ಬಿ. ಬಗ್ಗಿದರು. ಹಿಂದೆ ನಿಂತಿದ್ದ ಮೊರಿ ಸಾನ್ ಸಾಲದು ಅಂತ ಬೆನ್ನು ಮುಟ್ಟಿ ಇನ್ನಷ್ಟು ಬಗ್ಗಿಸಿದರು. ಲ್ಯಾಪ್‌ಟಾಪಿನಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಕೂತಿದ್ದಳು.

"ಹಾಡು ಯಾಕೆ ನಿಂತಿತು?"

"ಲ್ಯಾಪ್‌ಟಾಪ್ ರೀಬೂಟ್ ಆಯ್ತು ದೊಡ್ಡಮ್ಮ. ಅಂದ್ರೆ ಆರಿಸಿ ಹಚ್ಚಿದ ಹಾಗೆ." ಮೊರಿ ಸಾನ್ ಒಂದು ಬೆರಳು ಮಡಿಸಿದರು.

"ಯಾಕೆ?"

"ನಾನೇ ಹಾಗಂತ ಬರೆದೆ."

"ಯಾಕೆ?"

"ಆಫೀಸಿಂದು ಅಂದ್ಕೊಂಡೆ. ಕಂಪ್ಯೂಟರಿನ ತೆರೆ ಮೇಲೆ ಎರಡು ಕಿಟಕಿ ತೆರೆದಿದ್ದೆ, ಎರಡೂ ಕಪ್ಪಗಿದ್ವು."

"ನನ್ನ ತಂಗಿ ಪೆಟ್ಟಿಗೆ ನಿಮ್ಮ ಆಫೀಸಲ್ಲಿ ಯಾಕೆ ತೆರೆದಿತ್ತು?"

"ಇನ್ನೊಂಚೂರು ಚುರುಕು ಮಾಡೋಣ ಅಂತ..."

"ಯಾಕೆ? ಏನಾಗಿತ್ತು ಅದಕ್ಕೆ?" ಇದು ಐದನೆಯದು.

ಅಳಿಯಂದಿರು ಸಿಹಿ ಡಬ್ಬಿ ನೋಡಿದರು, ಹೆಂಡತಿಯನ್ನು ನೋಡಿದರು. ಕೊನೆಗೆ ಸಣ್ಣ ಧ್ವನಿಯಲ್ಲಿ ಅಂದರು: "ಏನೂ ಆಗಿರಲಿಲ್ಲ ದೊಡ್ಡಮ್ಮ. ಚೆನ್ನಾಗಿ ಓಡ್ತಿತ್ತು."

ಮಗಳು ನಕ್ಕು ನಕ್ಕು ಗೋಡೆ ಹಿಡಿದಳು. ನನಗೆ ಹೊಟ್ಟೆ ತಣ್ಣಗಾಯಿತು. "ಕೇಳಿದೆಯಾ ಅಕ್ಕ? ನಾನು ಮರೆತಿರಲಿಲ್ಲ!"

"ಕೇಳಿದೆ," ಅಂದಳು ಅಕ್ಕ. ಬೆನ್ನು ನೇರ ಮಾಡಿ ಕೂತಳು. "ನಿನ್ನ ಭಾವನೂ ಇಲ್ಲೇ ಇದ್ದಾರೆ. ಎಲ್ಲಿ, ಆವತ್ತಿನ ಉಳಿದಿದ್ದು ಹೇಳು."

ಮೊದಲಿಂದ ಎತ್ತಿಕೊಂಡೆ. ಒಂದು, ಎರಡು, ಮೂರು, ನಾಲ್ಕು ಸಲೀಸಾಗಿ ಬಂತು. ಐದನೆಯದಕ್ಕೆ ಉಸಿರು ಎಳೆದುಕೊಂಡೆ. ಬರಲಿಲ್ಲ. ಎರಡು ವಾರ ಕೋಪದಲ್ಲಿ ಕುದ್ದು ಕುದ್ದು ಆ ನುಡಿ ಆವಿಯಾಗಿ ಹೋಗಿತ್ತು. ಅಕ್ಕ ಪರದೆಗೆ ಇನ್ನೂ ಹತ್ತಿರ ಬಂದಳು, ಕಣ್ಣು ಕಿರಿದು ಮಾಡಿದಳು.

ನಾನು ಅಳಿಯಂದಿರ ಸೂಟಿನ ತೋಳು ಹಿಡಿದು ಎಳೆದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಬಹುವಚನ ಆವತ್ತು ಹೋಯಿತು.

"ಅದೇನೋ ರೀಬೂಟ್ ಅಂದ್ಯಲ್ಲ," ಅಂದೆ ಪಿಸುಮಾತಿನಲ್ಲಿ, "ಈಗ ಒತ್ತಪ್ಪ, ಬೇಗ!"