ತೊಂಬತ್ತರ ಬಾಟಲಿಯಲ್ಲಿ ಹರಳೆಣ್ಣೆ

ಚಿಕ್ಕಣ್ಣ ಹಾರ್ಲಿಕ್ಸ್ ಬಾಟಲಿಗೆ ಹರಳೆಣ್ಣೆ ತುಂಬಿ ಮುಚ್ಚಳ ಬಿಗಿಮಾಡುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ದೊಡ್ಡಹನುಮಯ್ಯನವರು ಕಿಟಕಿಯಲ್ಲಿ ಇಣುಕದೇ ಇದ್ದಿದ್ದರೆ ಅವನ ಪಾಡು ಹೀಗಾಗುತ್ತಿರಲಿಲ್ಲ.

"ಏನದು ಚಿಕ್ಕಣ್ಣ?"

"ಹರಳೆಣ್ಣೆ ಸಾರ್. ಅವ್ವ ಕಾಯ್ಸಿದ್ದು. ಮೊಮ್ಮಗಳ ನೆತ್ತಿಗೆ."

"ಪ್ಲೇನಿಗಾ? ಇಷ್ಟು ದೊಡ್ಡ ಬಾಟ್ಲೀಲಾ?" ದೊಡ್ಡಹನುಮಯ್ಯನವರು ಬಾಗಿಲ ಕಡೆಯಿಂದ ಸುತ್ತಿಕೊಂಡು ಒಳಗೇ ಬಂದರು. "ಸದ್ಯ, ನಾನು ನೋಡಿದೆ."

ಚಿಕ್ಕಣ್ಣ ನಾಗರಬಾವಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗುಮಾಸ್ತ. ಮಗಳು ಅನುವಿನ ಗಂಡನಿಗೆ ಜೈಪುರದಲ್ಲಿ ರೈಲ್ವೆ ಕೆಲಸ. ಓಡಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಅಲ್ಲೇ ಆಗಿ, ಹೆಂಡತಿ ಕಲ್ಯಾಣಮ್ಮ ಬಾಣಂತನಕ್ಕೆ ಅಲ್ಲಿಗೇ ಹೋಗಿದ್ದಳು. ಚಿಕ್ಕಣ್ಣ ಮಾತ್ರ ಮೊಮ್ಮಗಳ ಮುಖವನ್ನು ಫೋನಿನಲ್ಲಿ ಬಿಟ್ಟರೆ ಎದುರಿಗೆ ಕಂಡಿರಲಿಲ್ಲ. ಪರೀಕ್ಷೆ ಹತ್ತಿರ ಬಂದು ಸ್ಕೂಲಿನಲ್ಲಿ ರಜೆಯೆಂದರೆ ಎಲ್ಲರೂ ಸಿಡುಕುತ್ತಿದ್ದರು. ಕಾಡಿ ಬೇಡಿ ಒಂದು ಶನಿವಾರ ಸಿಕ್ಕಿತ್ತು. ಹೋಗಿ ಒಂದು ರಾತ್ರಿ ಇದ್ದು, ಭಾನುವಾರ ಬೆಳಗಿನ ಜಾವವೇ ವಾಪಸು. ಆ ಕೂಸನ್ನು ಒಂದೇ ಒಂದು ಸಲ ಮಡಿಲಲ್ಲಿ ಮಲಗಿಸಿಕೊಳ್ಳಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ. ವಾರದಿಂದ ರಾತ್ರಿ ಬಾಗಿಲು ಹಾಕಿಕೊಂಡು ದಿಂಬನ್ನು ತೋಳಿನ ಮೇಲಿಟ್ಟು ಅಭ್ಯಾಸ ಮಾಡುತ್ತಿದ್ದ.

ಅಳಿಯ ಕಳಿಸಿದ್ದು ಅಗ್ಗದ ಟಿಕೆಟ್ಟು, ಕೈಚೀಲ ಮಾತ್ರ ಒಯ್ಯಬಹುದಿತ್ತು. ಚಿಕ್ಕಣ್ಣ ಅದುವರೆಗೂ ವಿಮಾನ ಹತ್ತಿದವನಲ್ಲ. ದೊಡ್ಡಹನುಮಯ್ಯನವರು ನಿವೃತ್ತ ನೌಕರರ ಸಂಘದ ಜೊತೆ ಒಮ್ಮೆ ಸಿಂಗಾಪುರಕ್ಕೆ ಹೋಗಿ ಬಂದಿದ್ದರು. ಬಂದು ಎಷ್ಟೋ ವರ್ಷವಾಗಿದ್ದರೂ ಆ ವಿಮಾನದಿಂದ ಅವರು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನೂರು ಎಂ.ಎಲ್. ಅಷ್ಟೇ ಬಿಡೋದು," ಎಂದು ಅವರು ಮಂಚದ ಮೇಲೆ ಕೂತರು. "ದೊಡ್ಡ ಬಾಟ್ಲೀಲಿ ಸ್ವಲ್ಪ ಹಾಕ್ಕೊಂಡ್ ಹೋಗ್ತೀನಿ ಅಂದ್ರೂ ಆಗಲ್ಲ. ಅವ್ರು ಎಣ್ಣೆ ಅಳೆಯಲ್ಲ, ಬಾಟ್ಲಿ ಮೇಲೆ ಏನ್ ಬರ್ದಿದೆ ಅದನ್ನ ಓದ್ತಾರೆ. ಎಲ್ಲಿ, ಚೀಲ ತೋರ್ಸಿ."

ಚೀಲದಿಂದ ಶೇವಿಂಗ್ ಕ್ರೀಮು ಹೊರಗೆ ಬಂತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಹೊರಗೆ ಬಂತು. ಟೂತ್‌ಪೇಸ್ಟೂ ಬಂತು.

"ಪೇಸ್ಟು ಯಾಕೆ ಸಾರ್?"

"ಕಾನೂನಿನ ಪ್ರಕಾರ ಅದು ದ್ರವ."

"ನಮ್ಮನೇದು ಹಿಂಡಿದ್ರೂ ಬರಲ್ಲ ಸಾರ್, ಅದೆಂಥಾ ದ್ರವ?"

ದೊಡ್ಡಹನುಮಯ್ಯನವರು ಅದನ್ನೂ ಪಕ್ಕಕ್ಕೆ ಎತ್ತಿಟ್ಟರು. ಇಬ್ಬರೂ ಸಣ್ಣ ಬಾಟಲಿ ಹುಡುಕಿಕೊಂಡು ಹೊರಟರು. ಮೆಡಿಕಲ್ ಸ್ಟೋರಿನವನು, "ಖಾಲಿ ಬಾಟ್ಲಿ ಮಾರಲ್ಲ ಸಾರ್. ಕೆಮ್ಮು ಇದ್ರೆ ಹೇಳಿ," ಎಂದ. ಫ್ಯಾನ್ಸಿ ಸ್ಟೋರಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಮೂಲೆಯ ಬಾರಿನ ಮುಂದೆ ದೊಡ್ಡಹನುಮಯ್ಯನವರು ಗಕ್ಕನೆ ನಿಂತು, ದೇವರು ಕಂಡವರ ಹಾಗೆ ಕಣ್ಣರಳಿಸಿದರು.

"ನೈಂಟಿ! ತೊಂಬತ್ತು ಎಂ.ಎಲ್. ಕಣ್ರೀ! ಬಾಟ್ಲಿ ಮೇಲೆ ಅಚ್ಚು ಹಾಕಿರ್ತಾರೆ. ಯಾವ ಆಫೀಸರ್ರೂ ಕೆಮ್ಮೋ ಹಾಗಿಲ್ಲ."

"ಸಾರ್, ನಾನು ಇವತ್ತಿನವರೆಗೂ ಅದರ ವಾಸನೆ ಕೂಡ..."

"ಕುಡೀರಿ ಅಂದ್ನಾ ನಾನು? ಮೊಮ್ಮಗೂಗೆ ಎಣ್ಣೆ ಬೇಕೋ ಬೇಡ್ವೋ?"

ಬೇಕಿತ್ತು. ಬಾರಿನ ಎದುರು ಜೋಳದ ರೊಟ್ಟಿ ಮಾರುವ ಹೊನ್ನವ್ವ ಸುತ್ತಮುತ್ತ ಬಿದ್ದ ಖಾಲಿ ಬಾಟಲಿಗಳನ್ನು ಆರಿಸಿ ಗುಜರಿಗೆ ಹಾಕುತ್ತಿದ್ದಳು. ಚಿಕ್ಕಣ್ಣ ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

"ಖಾಲಿ ಬಾಟ್ಲಿ ಯಾಕ್ರೀ ಅಣ್ಣಾರ?" ಎಂದು ಹೊನ್ನವ್ವ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ತುಂಬಿದ್ದು ಎದುರಿಗೇ ಸಿಗ್ತಾವಲ್ರೀ! ಇನ್ನೊಂದ್ ಸ್ವಲ್ಪ ತಡಕೋರಿ, ಬಾಗಿಲಾ ತಗೀತಾರ."

ಆರು ಪ್ಲಾಸ್ಟಿಕ್ ಬಾಟಲಿ ಹಿಡಿದು ಚಿಕ್ಕಣ್ಣ ಕಳ್ಳನ ಹಾಗೆ ಮನೆಗೆ ಬಂದ. ತಾಯಿ ನರಸಮ್ಮ ಮೂಗು ಮುಚ್ಚಿಕೊಂಡಳು. "ಥೂ! ಕೂಸಿನ ನೆತ್ತಿಗೆ ಹಾಕೋದನ್ನ ಇದರೊಳಕ್ಕಾ ಉಯ್ಯೋದು?" ಬಿಸಿನೀರು, ಸೀಗೆಪುಡಿ, ನಿಂಬೆಸಿಪ್ಪೆ, ಎಲ್ಲ ಹಾಕಿ ಉಜ್ಜಿದರೂ ರಮ್ಮಿನ ವಾಸನೆ ಜಗ್ಗಲಿಲ್ಲ. ಲೇಬಲ್ ಕೀಳಲು ಹೋದರೆ ದೊಡ್ಡಹನುಮಯ್ಯನವರು ಕೈ ಹಿಡಿದುಕೊಂಡರು.

"ಅದೇ ಸಾಕ್ಷಿ ಕಣ್ರೀ! ತೊಂಬತ್ತು ಅಂತ ಓದೋದು ಹೇಗೆ ಅವ್ರು? ಇನ್ನೊಂದು ವಿಷ್ಯ. ಒಳಗಿರೋದೆಲ್ಲ ಹೊರಗೆ ಕಾಣೋ ಕವರಲ್ಲಿ ಹಾಕಿ, ಬೇರೆಯಾಗಿ ಕೈಲೇ ಹಿಡ್ಕೋಬೇಕು. ರೂಲ್ಸು."

ಕಲ್ಯಾಣಮ್ಮನ ರೇಷ್ಮೆ ಸೀರೆಯ ಪಾರದರ್ಶಕ ಕವರು ಸಿಕ್ಕಿತು. ರೇಷ್ಮೆ ಸೀರೆ ಇರುತ್ತಿದ್ದ ಜಾಗದಲ್ಲಿ ಎಣ್ಣೆ ತುಂಬಿದ ಆರು ರಮ್ಮಿನ ಬಾಟಲಿಗಳು ಸಾಲಾಗಿ ಮಲಗಿದವು. ಅದನ್ನು ಹಿಡಿದು ಚಿಕ್ಕಣ್ಣ ಬೀದಿಗಿಳಿದ. ಇಪ್ಪತ್ತು ವರ್ಷದಿಂದ ಅವನಿಗೆ ನಮಸ್ಕಾರ ಹೇಳುತ್ತಿದ್ದ ಬೀದಿ ಅಂದು ಕವರಿಗೆ ಹೇಳಿತು. ಬಸ್‌ಸ್ಟಾಪಿನಲ್ಲಂತೂ ಸ್ಕೂಲಿನ ಹೆಡ್‌ಮೇಡಮ್ಮೇ ಸ್ಕೂಟರ್ ನಿಲ್ಲಿಸಿದರು. ಕವರನ್ನು ನೋಡಿದರು. ಅವನ ಮುಖ ನೋಡಿದರು.

"ಮೊಮ್ಮಗಳನ್ನ ನೋಡೋಕೆ ಅಂತ ರಜ ತಗೊಂಡ್ರಲ್ವಾ ಚಿಕ್ಕಣ್ಣ?"

"ಅವಳಿಗೇ ಮೇಡಂ ಇದು."

ಹೆಡ್‌ಮೇಡಂ ಸ್ಕೂಟರ್ ಹೊರಡಿಸಿದರು. ತಾನು ಏನು ಹೇಳಿದೆ ಎಂಬುದು ಚಿಕ್ಕಣ್ಣನಿಗೆ ಏರ್‌ಪೋರ್ಟ್ ಬಸ್ಸು ಯಶವಂತಪುರ ದಾಟಿದ ಮೇಲೆ ಹೊಳೆಯಿತು. ಅಷ್ಟು ಹೊತ್ತಿಗೆ ಅವನಿಗೆ ನಾಚಿಕೊಳ್ಳಲೂ ತ್ರಾಣವಿರಲಿಲ್ಲ. ಪಕ್ಕದಲ್ಲಿ ಕೂತವನು ಕವರನ್ನು ಎರಡು ಸಲ ನೋಡಿ ಬೇರೆ ಸೀಟಿಗೆ ಹೋದ.

ತಪಾಸಣೆಯ ಸಾಲಿನಲ್ಲಿ ಚಿಕ್ಕಣ್ಣ ಬೆಲ್ಟು ಬಿಚ್ಚಿ, ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಕವರು ಹಿಡಿದು ನಿಂತ. ದಪ್ಪ ಮೀಸೆಯ ಅಧಿಕಾರಿ ಕವರು ಎತ್ತಿದ. "ತೊಂಬತ್ತು ಎಂ.ಎಲ್. ಸಾರ್," ಎಂದು ಚಿಕ್ಕಣ್ಣ ಹೆಮ್ಮೆಯಿಂದ ಲೇಬಲ್ಲಿನ ಮೇಲೆ ಬೆರಳಿಟ್ಟ. ಅಧಿಕಾರಿ ತೊಂಬತ್ತನ್ನು ಓದಲಿಲ್ಲ, ಅದರ ಮೇಲಿದ್ದ ರಮ್ ಅನ್ನು ಓದಿದ. ಮುಚ್ಚಳ ತೆಗೆದು ಮೂಸಿದ. ಸೀಲು ಒಡೆದ ಮದ್ಯ ಒಯ್ಯುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿ ಕಸದ ಡಬ್ಬಿ ತೋರಿಸಿದ.

"ನಹೀ ಸಾಬ್! ಹರಳೆಣ್ಣೆ! ಬೇಬಿ! ಬೇಬಿ ಕಾ ತಲೆ!" ಎಂದು ಚಿಕ್ಕಣ್ಣ ತನ್ನ ನೆತ್ತಿಯನ್ನೇ ತಟ್ಟಿ ತೋರಿಸಿದ. ಹಿಂದಿನ ಸಾಲೆಲ್ಲ ನಗತೊಡಗಿತು.

ಅಧಿಕಾರಿ ನಗಲಿಲ್ಲ. ಹೆಬ್ಬೆರಳನ್ನು ಬಾಯಿಯ ಕಡೆ ಬಾಗಿಸಿ ಸನ್ನೆ ಮಾಡಿದ. ಎಣ್ಣೆಯಾದರೆ ಕುಡಿದು ತೋರಿಸು.

ಚಿಕ್ಕವನಿದ್ದಾಗ ಹೊಟ್ಟೆ ಕಟ್ಟಿದರೆ ನರಸಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಆಗ ಇಬ್ಬರು ಅವನ ಕೈಕಾಲು ಹಿಡಿದುಕೊಳ್ಳಬೇಕಿತ್ತು. ಈಗ ಕೂಸಿನ ಮುಖ ನೆನೆದು ತಾನೇ ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದ. ಅಧಿಕಾರಿ ಆ ಬಾಟಲಿಯನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಮುಂದೆ ತಳ್ಳಿದ. ಆಮೇಲೆ ಮೂರನೆಯದು. ಕೊನೆಯ ಬಾಟಲಿಗೆ ಬರುವಾಗ ಚಿಕ್ಕಣ್ಣನ ಕಣ್ಣಲ್ಲಿ ನೀರು, ತುಟಿಯಲ್ಲಿ ಎಣ್ಣೆ. ಅಧಿಕಾರಿ ಅವನ ಬೆನ್ನು ತಟ್ಟಿ, ಕವರು ಕೊಟ್ಟು, ಸೆಲ್ಯೂಟನ್ನೂ ಹೊಡೆದ.

ಚಿಕ್ಕಣ್ಣ ಗೆದ್ದಿದ್ದ. ಕಿಟಕಿ ಪಕ್ಕದ ಸೀಟಿನಲ್ಲಿ ಕವರನ್ನು ಮಡಿಲಲ್ಲಿಟ್ಟು ಮೋಡ ನೋಡುತ್ತ, ಇನ್ನು ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಮೊಮ್ಮಗಳು ಎಂದುಕೊಂಡ.

ವಿಮಾನ ಅರ್ಧ ದಾರಿ ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಪೀಠೋಪಕರಣ ಸರಿಸಿದ ಸದ್ದಾಯಿತು. ಪಕ್ಕದವರಿಬ್ಬರೂ ಗಾಢ ನಿದ್ರೆಯಲ್ಲಿದ್ದರು. ಅವರನ್ನು ದಾಟಿ ಎದ್ದರೆ ದಾರಿಗೆ ಅಡ್ಡಲಾಗಿ ಚಹದ ಗಾಡಿ. ಗಾಡಿ ಸರಿಯುವ ಹೊತ್ತಿಗೆ ಬೆಲ್ಟು ಹಾಕಿಕೊಳ್ಳಿ ಎಂಬ ದೀಪ ಹತ್ತಿತು. ಆಮೇಲಿನ ಹೊತ್ತನ್ನು ಚಿಕ್ಕಣ್ಣ ಹೇಗೆ ಕಳೆದನೆಂಬುದನ್ನು ಕೇಳದೇ ಇರುವುದೇ ಮರ್ಯಾದೆ. ಹೊರಟ ಪ್ಯಾಂಟಿನಲ್ಲೇ ಜೈಪುರ ಮುಟ್ಟಿದ ಎಂದರೆ ಸಾಕು.

ಮಗಳ ಮನೆಯ ಬಾಗಿಲು ತೆರೆದ ಕೂಡಲೇ ಅವನು ಕಲ್ಯಾಣಮ್ಮನ ಕೈಗೆ ಕವರು ಕೊಟ್ಟು ಬಾತ್‌ರೂಮಿಗೆ ಓಡಿದ. ಬಂದ. ಮತ್ತೆ ಓಡಿದ. ಮೂರನೆಯ ಸಲ ಹೊರಗೆ ಬಂದು, ಕೈಕಾಲು ತೊಳೆದು, ಹೊಸ ಪಂಚೆ ಉಟ್ಟು ಬಾಣಂತಿಯ ಕೋಣೆಯ ಕಡೆ ಹೆಜ್ಜೆ ಹಾಕಿದಾಗ ಕಲ್ಯಾಣಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಲ್ಲೇ ನಿಂತ್ಕೊಳ್ಳಿ! ಹೊಟ್ಟೆ ಕೆಟ್ಟೋರು ಕೂಸಿನ ಹತ್ರ ಬರೋ ಹಾಗಿಲ್ಲ."

"ಹೊಟ್ಟೆ ಕೆಟ್ಟಿಲ್ಲ ಕಣೇ. ಹರಳೆಣ್ಣೆ ಕುಡಿದಿದ್ದು. ಏರ್‌ಪೋರ್ಟಿನೋರು ಕುಡಿಸಿದ್ರು."

"ಏರ್‌ಪೋರ್ಟಲ್ಲಿ ಹರಳೆಣ್ಣೆ ಕುಡಿಸ್ತಾರಾ? ದಾರೀಲಿ ಏನೋ ತಿಂದಿದೀರಾ, ಹೇಳೋಕೆ ನಾಚ್ಕೆ."

ಒಳಗಿನಿಂದ ಅನುವಿನ ದನಿ ಬಂತು. "ಅಪ್ಪಾ, ಬೇಜಾರ್ ಮಾಡ್ಕೋಬೇಡಿ. ಮೊನ್ನೆ ತಾನೇ ಪಾಪುಗೆ ಇನ್ಫೆಕ್ಷನ್ ಆಗಿತ್ತು. ಯಾರಿಗಾದ್ರೂ ಲೂಸ್ ಮೋಷನ್ ಇದ್ರೆ ಮೂರು ದಿನ ಹತ್ರ ಬಿಡ್ಬೇಡಿ ಅಂತ ಡಾಕ್ಟರ್ ಹೇಳಿದಾರೆ."

"ನಾಳೇನೇ ವಾಪಸ್ ಹೋಗ್ಬೇಕಲ್ಲಮ್ಮಾ ನಾನು," ಎಂದ ಚಿಕ್ಕಣ್ಣ. ಕಲ್ಯಾಣಮ್ಮ ಒಳಗೆ ಸರಿದು ಬಾಗಿಲು ಹಾಕಿಕೊಂಡಳು.

ಸಂಜೆ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದರು. ನಡುಮನೆಯ ಸೋಫಾದಲ್ಲಿ ಕೂತ ಅಜ್ಜನಿಗೆ ಬಾಗಿಲಿನಾಚೆಯಿಂದ ಹರಳೆಣ್ಣೆಯ ವಾಸನೆ ಬಂತು, ಕೂಸಿನ ಅಳು ಕೇಳಿತು, ಅಳು ನಿಂತದ್ದೂ ಕೇಳಿತು. ಅನುವಿಗೆ ಪಾಪ ಅನ್ನಿಸಿರಬೇಕು. "ಅಪ್ಪಾ, ಇಲ್ಲಿಂದ ವಿಡಿಯೋ ಕಾಲ್ ಮಾಡ್ತೀನಿ. ಅಲ್ಲೇ ಕೂತು ನೋಡಿ," ಎಂದು ಕೂಗಿದಳು. ಚಿಕ್ಕಣ್ಣ ತಲೆ ಬಾಚಿಕೊಂಡು, ಫೋನನ್ನು ಎದುರಿಗಿಟ್ಟುಕೊಂಡು ಕಾದ.

ಫೋನು ಹೊಡೆದುಕೊಂಡಾಗ ಅವನು ಬಾತ್‌ರೂಮಿನಲ್ಲಿದ್ದ. ಅದು ನಡುಮನೆಯಲ್ಲಿ ಹೊಡೆದುಕೊಂಡೇ ಹೊಡೆದುಕೊಂಡು ಸುಮ್ಮನಾಯಿತು.

"ಅಪ್ಪ ಎತ್ತುತ್ತಿಲ್ಲಮ್ಮ, ಪಾಪ, ಸುಸ್ತಾಗಿ ಮಲಗಿರ್ಬೇಕು," ಎಂದು ಅನು ಅಮ್ಮನಿಗೆ ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. "ಇವಳೂ ನಿದ್ದೆ ಹೋದ್ಲು. ಅಜ್ಜಿ ಕಾಯ್ಸಿದ ಹರಳೆಣ್ಣೆ ಹಾಕಿದ್ರೆ ಇನ್ನು ಬೆಳಗ್ಗೆವರೆಗೂ ಏಳಲ್ಲ ಬಿಡು. ಲೈಟ್ ಆರ್ಸು."