ಎರಡು ಮೆರೂನ್ ಸೀರೆಗಳೂ ನನ್ನ ಕಣ್ಣೂ

ಗಮನವಿಟ್ಟು ನೋಡಿದ್ದು ಕೈಕೊಡುವುದಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ, ನನ್ನ ಹೊಟ್ಟೆಪಾಡೇ ಕಣ್ಣಿನದು. ಚೆಟ್ಟಳ್ಳಿ ಕಡೆಯ ಎಸ್ಟೇಟೊಂದರಲ್ಲಿ ನಾನು ಕೂಲಿ ಲೆಕ್ಕ ಬರೆಯುವ ರೈಟರು. ಪಿಕ್ಕಿಂಗ್ ಶುರುವಾದರೆ ಕೊಯ್ದು ತಂದ ಕಾಫಿ ಹಣ್ಣಿನ ಚೀಲಕ್ಕೆ ಕೈಹಾಕಿ, "ಇದು ಹಣ್ಣು, ಇದು ಅರೆಹಣ್ಣು" ಎಂದು ದಿನವಿಡೀ ಗೊಣಗುವುದೇ ಕೆಲಸ. ನನ್ನ ಕಣ್ಣೆಂದರೆ ಕೂಲಿಯವರ ಲೈನ್‌ಮನೆಗಳಲ್ಲೆಲ್ಲ ಭಯ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ.

ಹೀಗಿರುವಾಗ ಅಣ್ಣನ ಮಗಳ ಮದುವೆ ಬಂತು. ನನ್ನ ಹೆಂಡತಿ ಶಾರದೆಗೂ ನನ್ನ ತಂಗಿ ನಾಗರತ್ನಳಿಗೂ ಎರಡು ವರ್ಷದಿಂದ ಮಾತು ಅಷ್ಟಕ್ಕಷ್ಟೆ. ಕಾರಣ ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಸಿಟ್ಟು ಮಾತ್ರ ನೆನಪಿದೆ. ಅಂಥವರು ಮದುವೆಗೆ ಇಬ್ಬರೂ ಮೆರೂನ್ ಸೀರೆ ಉಡುವುದೆಂದು ಒಪ್ಪಿಕೊಂಡಾಗ ನನಗಾದ ಖುಷಿ ಹೇಳತೀರದು. ನಾಗರತ್ನ ತನ್ನ ಸೀರೆಯನ್ನೂ ನಮ್ಮ ಮನೆಗೇ ಕಳಿಸಿದಳು. ಎಸ್ಟೇಟ್ ಜೀಪು ವಿರಾಜಪೇಟೆಗೆ ಹೊರಟಿತ್ತು. ಎರಡಕ್ಕೂ ಹೊಂದುವ ಬ್ಲೌಸ್ ಪೀಸ್ ತರುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ.

"ಸೀರೆ ತಗೊಂಡೋಗ್ರಿ, ಇಲ್ಲ ಫೋಟೊನಾದ್ರೂ ಹೊಡ್ಕೊಳ್ಳಿ," ಎಂದಳು ಶಾರದೆ. "ಎರಡೂ ಹೆಚ್ಚುಕಮ್ಮಿ ಒಂದೇ ತರ ಅವೆ. ಎಡವಟ್ಟಾದ್ರೆ ನಾನೇ ಬೇಕೂಂತ ಮಾಡಿಸ್ದೆ ಅಂತಾಳೆ ನಿಮ್ ತಂಗಿ."

"ರೈಟರ್ ಕಣ್ಣಿಗೆ ಫೋಟೊ ಯಾಕೆ?" ಎಂದು ಎರಡನ್ನೂ ಮಂಚದ ಮೇಲೆ ಹರಡಿ ಕಾಲು ಗಂಟೆ ದಿಟ್ಟಿಸಿದೆ. ಶಾರದೆಯದು ಒಂಚೂರು ಕಂದು, ನಾಗರತ್ನಳದು ಒಂಚೂರು ಕೆಂಪು. ಜೀಪಿನಲ್ಲಿ ಅದನ್ನೇ ಜಪಿಸುತ್ತ ಕೂತೆ. ಸಿದ್ದಾಪುರದಲ್ಲಿ ಒಂಚೂರು ಇದ್ದದ್ದು ಅಮ್ಮತ್ತಿ ದಾಟುವಾಗ ಸುಮಾರಾಗಿತ್ತು. ವಿರಾಜಪೇಟೆ ಮುಟ್ಟುವಷ್ಟರಲ್ಲಿ ಆ ಸೀರೆಗಳಿಗೆ ಒಂದಕ್ಕೊಂದು ಸಂಬಂಧವೇ ಉಳಿದಿರಲಿಲ್ಲ. "ಎರಡೂ ಮೆರೂನ್ ಅಂದ್ರಲ್ಲಾ ಸಾರ್?" ಎಂದ ಅಂಗಡಿಯವನಿಗೆ, "ನಿಮಗೆ ಗೊತ್ತಾಗಲ್ಲ ಬಿಡಿ," ಎಂದೆ.

ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ ಒಂದು ಟೊಮೇಟೊ, ಇನ್ನೊಂದು ಕಾಫಿಪುಡಿ. ಅಳತೆ ಕೊಡಲು ಬಂದಿದ್ದ ನಾಗರತ್ನ ಅತ್ತಿಗೆಯ ಮುಖವನ್ನೇ ನೋಡಿದಳು. ಇನ್ನು ಹತ್ತು ವರ್ಷ ಮಾತಿಲ್ಲ ಎಂದುಕೊಂಡೆ.

"ಅತ್ತಿಗೆ, ಇವನನ್ನ ಯಾಕೆ ಕಳಿಸಿದ್ರಿ?"

"ನಿಮ್ಮಣ್ಣ ಅಲ್ವೇನಮ್ಮ, ನೀನೇ ಹೇಳು, ನನ್ ಮಾತು ಕೇಳ್ತಾರಾ?"

ಅಲ್ಲಿಗೆ ಇಬ್ಬರೂ ಒಂದು ಪಕ್ಷವಾದರು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಮಾರನೆಯ ದಿನ ಸೀರೆಗಳನ್ನು ಹಿಡಿದು ಒಂದೇ ಬಸ್ಸು ಹತ್ತಿ ವಿರಾಜಪೇಟೆಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ಸಂಜೆ ಬಂದು ಎರಡು ತುಂಡು ಬಟ್ಟೆಯನ್ನು ನನ್ನ ಮುಂದಿಟ್ಟು, ಯಾವುದು ಯಾರದು ಹೇಳಿ ಎಂದರು. ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿ, "ಇದು ನಾಗರತ್ನಂದು," ಎಂದೆ.

"ಒಂದೇ ಬಟ್ಟೆ ಥಾನಲ್ಲಿ ಕತ್ತರಿಸಿದ್ದು ಕಣ್ರೀ ಎರಡೂ," ಎಂದಳು ಶಾರದೆ.

ಇರಬಹುದು. ಆದರೆ ಇವತ್ತಿಗೂ ನಾನು ಬಿಟ್ಟುಕೊಟ್ಟಿಲ್ಲ, ಅದು ಒಂಚೂರು ಕೆಂಪಿತ್ತು.