ಬಸುರಿಯ ಕೈಗೊಂದು ಎಕ್ಸ್‌ರೇ

ಎಕ್ಸ್‌ರೇ ಅಂದ ಕೂಡಲೇ ನಮ್ಮ ಕೂಟಗಲ್ ಕಡೆಯ ಜನಕ್ಕೆ ಏನೋ ಆಗಿಬಿಡುತ್ತದೆ. ಅವರ ಮಾತು ಕೇಳಿ ನನಗೆ ಇನ್ನೇನೋ ಆಗಿಬಿಡುತ್ತದೆ. ಇಂಥ ಜಗಳಗಳು ನನ್ನ ಮನೆ ವಿಳಾಸ ಕೇಳಿಕೊಂಡೇ ಬರುತ್ತವೆ. ಮೊನ್ನೆಯಂತೂ ಒಂದೇ ಮನೆಯಿಂದ ಸಾಲಾಗಿ ಬಂದವು!

ಬಣ್ಣದ ಚಿಂತೆ

ಪಕ್ಕದ ಮನೆಯ ಸೊಸೆ ಐದು ತಿಂಗಳ ಬಸುರಿ. ಹಿಪ್ಪುನೇರಳೆ ತೋಟದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ಮೂಳೆ ಎಲ್ಲಿ ಮುರಿದಿದೆ ಅಂತ ನೋಡದೆ ಕಟ್ಟಿದರೆ ಕೈ ಸೊಟ್ಟಗಾಗುತ್ತದೆ. ಆಮೇಲೆ ಮುದ್ದೆ ತಿರುವುವುದಿರಲಿ, ಹುಟ್ಟಿದ ಕೂಸನ್ನು ಎತ್ತಿಕೊಳ್ಳುವುದೂ ಕಷ್ಟ. ಅತ್ತೆ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಎಕ್ಸ್‌ರೇ ಬ್ಯಾಡ ಅಂದ್ರೆ ಬ್ಯಾಡ ಕಣಪ್ಪಾ! ಆ ಫಿಲಂ ಹೆಂಗೆ ಕರ್ರಗಿರ್ತದೆ ನೋಡಿದ್ದೀಯಾ? ಮಗಾನೂ ಹಂಗೇ ಹುಟ್ಟಿದ್ರೆ?"

ನನಗೆ ನೆತ್ತಿಗೇರಿತು. "ಕರ್ರಗೆ ಹುಟ್ಟಿದ್ರೆ ಏನಕ್ಕಾ ನಷ್ಟ? ನಿಮ್ಮ ಮಗ ಹೊಟ್ಟೇಲಿದ್ದಾಗ ಎಷ್ಟು ಎಕ್ಸ್‌ರೇ ತೆಗೆಸಿದ್ರಿ?"

ಅತ್ತೆ ಪಕ್ಕದಲ್ಲೇ ನಿಂತಿದ್ದ ಎಣ್ಣೆಗಪ್ಪು ಬಣ್ಣದ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, "ಆಟೋ ಕರಿ" ಅಂದಳು.

ಗಂಡನ ತ್ಯಾಗ

ರಾಮನಗರದಲ್ಲಿ ಎಕ್ಸ್‌ರೇ ತೆಗೆಯುವ ಹುಡುಗಿ ಚನ್ನಪಟ್ಟಣದವಳು. "ಬಸುರಿ ಅಂತ ಮೊದ್ಲೇ ಹೇಳಿದ್ದು ಒಳ್ಳೇದಾಯ್ತು. ಹೊಟ್ಟೆಗೇ ಸಿ.ಟಿ. ಮಾಡೋದಾದ್ರೆ ಡಾಕ್ಟ್ರು ಕೂತು ಯೋಚ್ನೆ ಮಾಡ್ತಾರೆ. ಇದು ಬರೀ ಕೈ. ಮಗೂಗೆ ತಲುಪೋದು ಲೆಕ್ಕಕ್ಕೇ ಇಲ್ಲ" ಅಂದಳು. ಎಷ್ಟು ಚೆನ್ನಾಗಿ ಹೇಳಿದಳು! ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ.

ಗಂಡನಿಗೆ ಇನ್ನೂ ಸಮಾಧಾನವಿಲ್ಲ. ಅಂಗಿ ತೋಳು ಮಡಚಿ ಮುಂದೆ ಬಂದ. "ಅವಳ್ದು ಬ್ಯಾಡ ಮೇಡಂ, ನಂದೇ ಬಲಗೈ ತೆಗೀರಿ. ಗಂಡ ಹೆಂಡ್ತಿ ಅಂದ್ಮೇಲೆ ಇಬ್ರೂ ಒಂದೇ ಅಲ್ವಾ?"

"ತೆಗೀತೀನಿ ಸಾರ್. ಆದ್ರೆ ನಿಮ್ದು ಮುರ್ದಿಲ್ವಲ್ಲ?"

ಅಲ್ಲಿಯವರೆಗೆ ನೋವಿಗೆ ಹಲ್ಲು ಕಚ್ಚಿ ಕೂತಿದ್ದ ಹೆಂಡತಿ ಬಾಯಿ ಬಿಟ್ಟಳು: "ಮುರ್ಯೋ ಕೆಲ್ಸ ನಂಗೆ ಬುಡಿ ಮೇಡಂ, ನನ್ನ ಎಡಗೈ ಚೆನ್ನಾಗೇ ಐತೆ."

ಹುಳುಮನೆಯ ಕಾವಲು

ಮೂಳೆಯ ಬಿರುಕು ಕಂಡಿತು, ಪ್ಲಾಸ್ಟರ್ ಬಿತ್ತು. ಕೆಲಸ ಮಾಡಿಸಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ವಾರ ಬಿಟ್ಟು ಹೋದರೆ ಸೊಸೆ ಜಗಲಿಯಲ್ಲಿ ಕಾಲು ಚಾಚಿ ಕಡಲೆಕಾಯಿ ತಿನ್ನುತ್ತಿದ್ದಾಳೆ! ಆ ಅತ್ತೆಗೆ ಇಷ್ಟು ಕರುಣೆಯೇ? ರೇಷ್ಮೆ ಹುಳುಮನೆಯ ಬಾಗಿಲಲ್ಲಿ ಕಾವಲು ನಿಂತಿದ್ದವಳನ್ನು ಕೇಳಿದೆ.

"ಆ ರೇ ಅವಳ ಮೈಯಾಗೆ ಇನ್ನೂ ಐತೆ ಕಣಪ್ಪಾ. ಒಳಕ್ಕೆ ಬಂದ್ರೆ ಹುಳ ಎಲ್ಲಾ ಸತ್ತೋಯ್ತವೆ. ಸೊಪ್ಪೂ ಮುಟ್ಟಂಗಿಲ್ಲ ಅಂದ್ಬುಟ್ಟಿದ್ದೀನಿ."

ನಾನು ಬಿಡುತ್ತೇನೆಯೇ? "ಅಕ್ಕಾ, ಸ್ವಿಚ್ ಆರಿಸಿದ ಮೇಲೆ ಬಲ್ಬಿನ ಬೆಳಕು ಸೆರಗಿಗೆ ಅಂಟ್ಕೊಂಡಿರ್ತದಾ? ಎಕ್ಸ್‌ರೇನೂ ಅಷ್ಟೇ! ಆ ಕೋಣೇಲೇ ಮುಗೀತು! ಅವಳ ಮೈಯಲ್ಲಿ ಏನೂ ಇಲ್ಲ!"

ಅತ್ತೆ ಯೋಚಿಸಿದಳು, ಒಪ್ಪಿದಳು. ಗೆದ್ದೆ ಅಂತ ನಾನು ಮೀಸೆ ತಿರುವುವಷ್ಟರಲ್ಲಿ ಸೊಸೆಯ ಕಡೆ ತಿರುಗಿದಳು. "ಹಂಗಾದ್ರೆ ಏಳಮ್ಮ, ಸೊಪ್ಪು ಕುಯ್ಕೊಂಡ್ ಬಾ."

ಸೊಸೆ ನನ್ನನ್ನು ನೋಡಿದ ಆ ನೋಟ! "ಅಣ್ಣಾ, ಡಾಕ್ಟ್ರು ಹೇಳಿದ್ದಕ್ಕೆ ಒಂದಿನಾನೂ ರಜಾ ಸಿಗ್ನಿಲ್ಲ, ಎಕ್ಸ್‌ರೇಗೆ ವಾರ ಸಿಕ್ಕಿತ್ತು. ಕೈ ಕೂಡೋಗಂಟ ಒಸಿ ಬಾಯಿ ಮುಚ್ಕೊಂಡಿರಕ್ಕೆ ಆಗ್ನಿಲ್ವಾ?"

"ಸೊಪ್ಪು ಕುಯ್ಯಿಸಿದ್ರೆ ಮೂಳೆ ಕೂಡಲ್ಲ ಅಕ್ಕಾ! ನಾನು ಸುಮ್ನಿರಲ್ಲ!" ಅಂತ ಕೂಗಾಡಿದೆ.

ಅತ್ತೆ ಸೊಂಟಕ್ಕೆ ಕೈ ಕೊಟ್ಟಳು. "ಹುಳ ನಾಕನೇ ಜ್ವರ ಎದ್ದು, ಪೊರೆ ಕಳ್ಚಿ, ಹಾಕ್ದಷ್ಟೂ ಮೇಯ್ತಾ ಅವೆ. ನನ್ನ ಮಗ ಒಬ್ಬ ಕುಯ್ದಿದ್ದು ಸಾಲ್ದು. ಇನ್ಯಾರು ಕುಯ್ತಾರೆ, ನೀನಾ?"

ಮಾರನೆಯ ಬೆಳಿಗ್ಗೆ ಕುಡುಗೋಲು ಹಿಡಿದು ತೋಟಕ್ಕೆ ಇಳಿದೆ. ಕೈ ಕೆಲಸ ಮಾಡಿದರೆ ಬಾಯಿ ಯಾಕೆ ಸುಮ್ಮನಿರಬೇಕು? ಬಸುರಿಯರ ಹೊಟ್ಟೆಗೆ ಮಾಡುವ ಮಾಮೂಲಿ ಸ್ಕ್ಯಾನಿಂಗು ಬರೀ ಶಬ್ದದ ಅಲೆ, ಅದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ ಅಂತ ಗಂಡನಿಗೆ ಆವೇಶದಿಂದ ವಿವರಿಸುತ್ತಿದ್ದೆ. ಬದುವಿನ ಮೇಲೆ ನೆರಳಲ್ಲಿ ಕೂತಿದ್ದ ಸೊಸೆ ಕೂಗಿದಳು:

"ಅಣ್ಣೋ, ಹುಳ ಭಾಷಣ ತಿನ್ನಾಕಿಲ್ಲ! ಸೊಪ್ಪು ಕುಯ್ಯಿ!"